ಕೂಗಿನ ಗೂಳಪ್ಪನ ಪರದೇಶದ ಮಾತು

ಹಳಿಯಾಳ ಸೀಮೆಯಲ್ಲಿ ಗೂಳಪ್ಪನ ಮನೆಯವರನ್ನು ಕೂಗಿನವರು ಎಂದೇ ಕರೆಯುತ್ತಿದ್ದರು. ಮುತ್ತಜ್ಜ ಸೋಮಪ್ಪ ಊರ ಕಾವಲು ಬುರುಜಾದ ಹುಡೇವಿನ ಮೇಲೆ ನಿಂತು ಕೂಗಿದರೆ ಹಳ್ಳದಾಚೆ ದನ ಕಾಯುವವರು ಕೋಲು ಎತ್ತಿ ತೋರಿಸುತ್ತಿದ್ದರಂತೆ. ಹುಲಿ ಯಾವ ದಿಕ್ಕಿಗೆ ಇಳಿಯಿತು ಎಂಬುದು ಅವನ ಕೂಗಿನ ಎಳೆತದಲ್ಲೇ ಅವರಿಗೆ ತಿಳಿಯುತ್ತಿತ್ತು. ಅಜ್ಜ ಶೇಖಪ್ಪ ಪ್ಲೇಗಿನ ಕಾಲದವನು. ಇಲಿ ಬಿದ್ದ ಮನೆ ಬಿಟ್ಟು ಹೊಲದ ಗುಡಿಸಲಿಗೆ ನಡೆಯಿರಿ ಎಂದು ಊರೂರು ತಿರುಗಿ ಡಂಗುರ ಸಾರಿದ. ಕಡೆಗೆ ಅವನ ಕಂಕುಳಲ್ಲೇ ಗಂಟು ಎದ್ದಿತು. ದಿನವೂ ಗಂಜಿ ತಂದ ಹೆಂಡತಿಯನ್ನು ಗುಡಿಸಲ ಒಳಗಿಂದಲೇ ಕೂಗಿ ಹಿಂದಕ್ಕೆ ಕಳಿಸುತ್ತಿದ್ದನಂತೆ. ಆ ಕೂಗು ನಿಂತ ಮೇಲೆಯೇ ಊರವರಿಗೆ ಅವನು ತೀರಿದ್ದು ಗೊತ್ತಾದದ್ದು. ಅಪ್ಪ ಶಂಕ್ರಪ್ಪ ಜೋಯಿಡಾ ಕಾಡಿನಲ್ಲಿ ಸಾಗವಾನಿ ಕಡಿಯುವ ಗುಂಪಿನ ಕೂಗಿನವ. ಗಿಡ ಯಾವ ಮಗ್ಗುಲಿಗೆ ಬೀಳುತ್ತದೆಂದು ಮೊದಲೇ ಕೂಗಿ ಹೇಳುವುದು ಅವನ ಕೆಲಸ. ಅವನ ಗಂಟಲು ಗಟ್ಟಿ ಇರುವ ತನಕ ಆ ಕಾಡಿನಲ್ಲಿ ಬೀಳುವ ಗಿಡದ ಕೆಳಗೆ ಒಂದು ಆಳೂ ಸಿಕ್ಕಲಿಲ್ಲ.

ಇಂಥ ಮನೆತನದ ಗೂಳಪ್ಪನಿಗೆ ದೇವರು ಗಂಟಲನ್ನೇನೋ ಕೊಟ್ಟ, ನಾಲಿಗೆಗೆ ಒಂದು ಗ್ರಹಚಾರವನ್ನೂ ಅಂಟಿಸಿ ಕಳಿಸಿದ.

ಎರಡನೆಯ ದೊಡ್ಡ ಯುದ್ಧದಲ್ಲಿ ಗೂಳಪ್ಪ ಬೆಳಗಾವಿಗೆ ಹೋಗಿ ಹೇಸರಗತ್ತೆ ಹೊಡೆಯುವ ಪಲ್ಟಣಿಗೆ ಸೇರಿದ. ಹಡಗು ಅವನನ್ನು ಈಜಿಪ್ತಿನಲ್ಲಿ ಇಳಿಸಿತು. ಅಲ್ಲಿ ರೊಟ್ಟಿ ಮಾರುವ ಮನ್ಸೂರ ಎಂಬವನ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅರಬಿ ಕಲಿತ. ಮುಂದೆ ಟೊಬ್ರುಕ್ ಬಂದರಿನಲ್ಲಿ ವೈರಿಯ ಕೈಗೆ ಸಿಕ್ಕು ಸೆರೆಯಾಳಾದ. ಹಡಗಿನಿಂದ ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಹಚ್ಚಿದರು. ಅವನ ಜೋಡಿ ಅದೇ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದವನು ಆಫ್ರಿಕಾದ ತೆಂಕಣ ತುದಿಯ ಜುಲು ಸಿಪಾಯಿ ದುಮಿಸಾನಿ. ಒಂದು ದಿನ ಮೇಲಿಂದ ಪೆಟ್ಟಿಗೆಗಳ ಹಗ್ಗ ಹರಿಯಿತು. ದುಮಿಸಾನಿ ಎದೆ ಒಡೆಯುವಂತೆ "ಸುಕಾ!" ಎಂದ. ಜುಲು ಮಾತಿನಲ್ಲಿ ಹಾಗೆಂದರೆ ಅಲ್ಲಿಂದ ಏಳು, ದೂರ ಹೋಗು. ಅರ್ಥ ತಿಳಿಯುವ ಮೊದಲೇ ಗೂಳಪ್ಪನ ಕಾಲು ಜಿಗಿದಿದ್ದವು. ಅವನು ನಿಂತಿದ್ದ ಜಾಗ ಕುಣಿಯಾಯಿತು. ಆ ಹೊತ್ತಿನಿಂದ ಅವನ ಮೈಗೆ ಭಯ ಬಂದರೆ ಬಾಯಿಗೆ ಬರುವ ಮಾತು ಅದೊಂದೇ.

ಗೋವಾ ಪರಂಗಿಯವರ ಕೈಯಿಂದ ಬಿಡುಗಡೆಯಾದ ಮರುವರ್ಷ, ಬೇಸಿಗೆಯ ಮಾತು ಇದು. ಗೂಳಪ್ಪ ಆಗ ದಾಂಡೇಲಿಯಲ್ಲಿದ್ದ. ಹೆಂಡತಿ ತಾಯವ್ವ, ಬಸುರಿ ಮಗಳು ಮಾಲವ್ವ, ಅಳಿಯ ಮಹಾಂತಪ್ಪ, ಎಲ್ಲರೂ ಅಂಬೇವಾಡಿಯ ಒಂದೇ ಹಂಚಿನ ಮನೆಯಲ್ಲಿ. ಮೌಳಂಗಿಯ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಗೆ ಇಳಿಯುವ ದಿಬ್ಬದ ಮೇಲೆ ಒಬ್ಬ ಗುತ್ತಿಗೆದಾರನ ನಾಟಾ ಅಡ್ಡೆ ಇತ್ತು. ಕಾಡಿನಿಂದ ಬಂದ ದಿಮ್ಮಿಗಳನ್ನು ಹಗ್ಗ ಹಾಕಿ ಎಳೆದು, ಒಂದರ ಮೇಲೊಂದು ಒಟ್ಟಿ, ಉರುಳದಂತೆ ಬುಡಕ್ಕೆ ಗೂಟ ಹೊಡೆದು ನಿಲ್ಲಿಸುವುದು ಅಲ್ಲಿನ ಕೆಲಸ. ಗೂಳಪ್ಪ ಆ ದಿಮ್ಮಿಗಳ ಒಟ್ಟಿನ ಮಗ್ಗುಲ ಅಟ್ಟಣಿಗೆಯ ಮೇಲೆ ನಿಂತು ಕೂಗುವವ. ಎಳೆಯಿರಿ ಎನ್ನುವುದೂ ಅವನೇ, ದಿಮ್ಮಿ ಜಾರಿದರೆ ಸರಿಯಿರಿ ಎನ್ನುವುದೂ ಅವನೇ. ಕೆಳಗೆ ಹಗ್ಗ ಹಿಡಿದವರ ಜೀವ ಅವನ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಆ ವರ್ಷ ಅಳಿಯನೂ ಹಗ್ಗಕ್ಕೆ ಕೈ ಹಚ್ಚಿದ್ದ.

ಕಾಡಿನಲ್ಲಿ ಬಿದಿರು ಹೂ ಬಿಟ್ಟಿತ್ತು. ಹೂ ಬಿಟ್ಟ ಬಿದಿರು ಸಾಯುತ್ತದೆ, ನೋಡಿದವರಿಗೂ ಒಳ್ಳೆಯದಲ್ಲ ಎಂದು ಬಿದಿರು ಹೇರಿಕೊಂಡು ಬರುವ ಬಂಡಿಯವರು ಮುಖ ತಿರುಗಿಸುತ್ತಿದ್ದರು.

ಅಡ್ಡೆಯ ಬಾಗಿಲಿಗೆ ಸಕ್ಕುಬಾಯಿಯ ಚಹಾದ ಅಂಗಡಿ. ಕೆಲಸ ಬಿಟ್ಟ ಮೇಲೆ ಗೂಳಪ್ಪ ಅಲ್ಲಿ ಬೆಂಚು ಹಿಡಿದು ಕುಳಿತರೆ ಪರದೇಶದ ಮಾತು ಬಿಚ್ಚದೆ ಏಳುತ್ತಿರಲಿಲ್ಲ.

"ಅರಬಿ ಅಂದ್ರ ಸಾಗವಾನಿ ದಿಮ್ಮಿ ಇದ್ಹಂಗ ನೋಡ್ರೆಪಾ," ಎನ್ನುತ್ತಿದ್ದ. "ಮೂರು ಅಕ್ಷರ ಎಲುಬು. ಅವು ಜಗ್ಗಂಗಿಲ್ಲ. ಮ್ಯಾಲಿನ ಮಾಂಸ ಅಷ್ಟ ಬದಲಿ. ಕಿತಾಬ ಅಂದ್ರ ಒಂದು ಪುಸ್ತಕ. ಬಾಳ ಇದ್ರ ಕುತುಬ. ಬರಿಯಾಂವ ಕಾತಿಬ. ಸಾಬರ ಹುಡುಗರು ಕಲಿಯೂ ಸಾಲಿ ಮಕ್ತಬ. ಒಂದ ದಿಮ್ಮಿ ಕೊಯ್ದು ಬಾಗಲಾ ಮಾಡ್ರಿ, ಹೊರಸು ಮಾಡ್ರಿ, ಬಂಡಿ ಮಾಡ್ರಿ, ಒಳಗಿನ ಎಳಿ ಒಂದ."

"ಮತ್ತ ನಿಮ್ಮ ಆ ಜುಲೂನವರದು?" ಸಕ್ಕುಬಾಯಿ ಒಲೆ ಊದುತ್ತ ಕೆದಕುತ್ತಿದ್ದಳು.

"ಅವರದು ತಲಿ ಕಡೆ ಕೆಲಸ, ಸಕ್ಕವ್ವ. ಒಬ್ಬ ಮನಷ್ಯಾ ಉಮುಂತು. ಮಂದಿ ಅಬಂತು. ನಾವು ಮನಷ್ಯಾ, ಮನಷ್ಯಾರು ಅಂತ ಬಾಲಕ್ಕ ಗಂಟ ಹಾಕ್ತೇವಿ. ಅವರು ಬಾಲಾ ಮುಟ್ಟೂದಿಲ್ಲ, ತಲಿ ಮ್ಯಾಲಿನ ರುಮಾಲ ಬದಲಿ ಮಾಡ್ತಾರ. ಒಂದು ಮಾತು ರುಮಾಲ ಬದಲಿ ಮಾಡ್ತಂದ್ರ ಬೆನ್ನ ಹಿಂದಿನ ಮಾತೆಲ್ಲಾ ಅದ ಬಣ್ಣದ್ದು ಸುತ್ತಬೇಕು. ಅಬಂತು ಅಬಾಖುಲು ಬಾಯಾಹಂಬಾ. ದೊಡ್ಡ ಮಂದಿ ಹೊಂಟಾರ ಅಂತ. ಕೇಳ್ತಿಲ್ಲೋ? ಬಾ, ಬಾ, ಬಾ. ಫಾರೆಸ್ಟಿನವರು ಎಲ್ಲಾ ದಿಮ್ಮಿಗೂ ಒಂದ ಸುತ್ತಿಗಿ ಮುದ್ರಿ ಬಡದ್ಹಂಗ."

ಒಂದು ಸಂಜೆ ಅಡ್ಡೆಯ ಮುಕಾದಮ ಚನಬಸಪ್ಪ ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಕೇಳಿದ: "ಏ ಅರಬಿ ಗೂಳಪ್ಪಾ, ನನಗೇನಂತಾರಪಾ ನಿನ್ನ ಅರಬೀ ಒಳಗ?"

"ನಿಮ್ಮ ಹೆಸರಿಗೆ ಏನೂ ಅನ್ನಂಗಿಲ್ಲರಿ. ನಿಮ್ಮ ಹುದ್ದೆ ಮಾತ್ರ ಅವರದ. ಮುಕಾದಮ ಅಂದ್ರ ಮುಂದ ನಿಂದ್ರಾಂವ. ಕ, ದ, ಮ ಅದರ ಎಲುಬು. ಅದ ಎಲುಬಿನ ಮ್ಯಾಲೆ ಕದಂ ಅಂದ್ರ ಹೆಜ್ಜಿ. ಕದೀಮ ಅಂದ್ರ ಹಳೇದು. ನಾವು ನುರಿತ ಕಳ್ಳಗ ಕದೀಮ ಕಳ್ಳ ಅಂತೇವಲ್ಲಾ, ಅದ ಇದು. ಹಂಗಾಗಿ ಮುಕಾದಮ, ಕದೀಮ, ಇಬ್ಬರೂ ಒಂದ ಹೊಟ್ಟಿ ಅಣ್ತಮ್ಮರು ನೋಡ್ರಿ."

ಬೆಂಚು ನಡುಗುವಂತೆ ಎಲ್ಲರೂ ನಕ್ಕರು. ಸಕ್ಕುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಚನಬಸಪ್ಪನೂ ಹಲ್ಲು ಬಿಟ್ಟ, ಆದರೆ ಬಸಿ ಕೆಳಗಿಟ್ಟು ಹೊರಟುಹೋದ. ಅಂದು ಅವನು ಕುಡಿಯದೆ ಬಿಟ್ಟ ಚಹಾ ಆರಿತು, ಒಳಗಿನ ಬಿಸಿ ಆರಲಿಲ್ಲ.

ಮನೆಯಲ್ಲಿ ತಾಯವ್ವನಿಗೆ ಈ ಮಾತುಗಳೆಂದರೆ ಅಂಜಿಕೆ. ಜುಲು ಮಾತಿನ ನಡುನಡುವೆ ನಾಲಿಗೆಯಿಂದ ಸದ್ದು ತೆಗೆಯಬೇಕು. ಒಂದು, ಪಾಪ ಎಂದು ಮರುಗುವಾಗ ನಾವು ಹಲ್ಲಿನ ಸಂದಿಯಲ್ಲಿ ಲೊಚಗುಟ್ಟುವ ಸದ್ದು. ಇನ್ನೊಂದು, ಎತ್ತು ಹೊಡೆಯುವಾಗ ದವಡೆಯ ಮಗ್ಗುಲಲ್ಲಿ ಬರುವ ಸದ್ದು. ಮತ್ತೊಂದು, ಅಂಗುಳಕ್ಕೆ ನಾಲಿಗೆ ಅಂಟಿಸಿ ಕಿತ್ತಂತೆ 'ಟೊಕ್' ಎನ್ನುವುದು. ಈ ಸದ್ದು ನಮಗೂ ಬರುತ್ತವೆ, ಆದರೆ ನಾವು ಅವನ್ನು ಮಾತಿನ ಹೊರಗೆ ಇಟ್ಟಿದ್ದೇವೆ. ಅವರು ಒಳಗೆ ಕೂಡಿಸಿಕೊಂಡಿದ್ದಾರೆ, ಅರಬರು ಗಂಟಲ ಆಳದಿಂದ ಎತ್ತು ತೇಗಿದಂತೆ ತೆಗೆಯುವುದನ್ನು ಜುಲೂನವರು ನಾಲಿಗೆಯ ಮೇಲೆಯೇ ಮುಗಿಸುತ್ತಾರೆ ಎಂದು ಗೂಳಪ್ಪ ವಿವರಿಸುತ್ತಿದ್ದ. ತಾಯವ್ವನ ಕಿವಿಗೆ ಮಾತ್ರ ಅದು ಹಲ್ಲಿ ನುಡಿದಂತೆ. ಮಧ್ಯಾಹ್ನ ಜಂಪು ಹತ್ತಿದಾಗ ಗಂಡ ನಿದ್ದೆಗಣ್ಣಿನಲ್ಲಿ 'ಟೊಕ್' ಎಂದರೆ ಆಕೆ ನೆಲಕ್ಕೆ ಬೆರಳು ಬಡಿದು ಶಿವ ಶಿವ ಎನ್ನುತ್ತಿದ್ದಳು.

"ಹಲ್ಲಿ ಎಲ್ಲಿ ನುಡೀತು, ನೀವೆಲ್ಲಿ ನುಡದ್ರಿ, ನನಗ ತಿಳೀದಂಗಾಗೇತಿ. ಬಸುರಿ ಹೆಣಮಗಳು ಮನ್ಯಾಗ ಐತಿ. ಬಿಡ್ರಿ ಅದನ್ನ."

"ಹುಚ್ಚಿ, ಅದು ಅಪಶಕುನ ಅಲ್ಲ. ಟೊಕ್ ಅಂದು ಬೆನ್ನಿಗೆ ಆಪೇಲಾ ಅಂದ್ರ ಅವರ ಮಾತಿನ್ಯಾಗ ಜ್ವಾಕಿ ಅಂತ. ಹಲ್ಲಿನೂ ಜ್ವಾಕಿ ಅಂತ ಹೇಳತೈತಿ ಅಂತ ತಿಳಕೊ."

ಆಕೆಗೆ ಇನ್ನೊಂದು ಮಾತು ಸೇರುತ್ತಿರಲಿಲ್ಲ. ಗೂಳಪ್ಪ ಕೆಲಸಕ್ಕೆ ಹೊರಡುವಾಗ ಒಮ್ಮೊಮ್ಮೆ ಚೇಷ್ಟೆಗೆ "ಹಂಬಾ" ಎನ್ನುತ್ತಿದ್ದ. ಹಾಗೆಂದರೇನು ಎಂದು ಕೇಳಿದ್ದಳು. ಹೋಗು ಎಂದು ಅರ್ಥ. ಜುಲೂನವರು ಹೊರಟವನಿಗೆ ನೆಟ್ಟಗೆ ಹೋಗು ಎನ್ನುತ್ತಾರೆ, ಹೊರಟವನು ಉಳಿದವರಿಗೆ ನೆಟ್ಟಗೆ ಇರು ಎನ್ನುತ್ತಾನೆ ಎಂದಿದ್ದ. ತಾಯವ್ವ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಹೊಸ್ತಿಲದಾಗ ನಿಂತು ಹೋಗೂ ಮಾತು ಆಡಬ್ಯಾಡ್ರಿ. ನಮ್ಮ ಮಾತಿನ್ಯಾಗ ಬರ್ತೇನಿ ಅನ್ರಿ, ಅಂದ ಕಾಲ ತಗೀರಿ."

ಅವಳ ಸಮಾಧಾನಕ್ಕೆ ಅವನು "ಬರ್ತೇನಿ" ಎಂದೇ ಹೊರಬೀಳುತ್ತಿದ್ದ.

ಆ ಬೇಸಿಗೆಯಲ್ಲಿ ಅಡ್ಡೆಗೆ ಜೋಯಿಡಾ, ರಾಮನಗರದ ಕಡೆಯಿಂದ ಹೊಸ ಗುಂಪು ಬಂದಿತ್ತು. ಮನೆಮಾತು ಕೊಂಕಣಿ, ವ್ಯವಹಾರಕ್ಕೆ ಮರಾಠಿ. ಅವರಿಗಾಗಿ ಚನಬಸಪ್ಪ ಹೊಸ ಕೂಗು ಹಚ್ಚಿದ. ಹಸಿ ನಾಟಾದ ಸಾಲಿಗೆ ಹೋಗಬೇಕಾದರೆ "ಓಲಾ", ಒಣ ನಾಟಾದ ಸಾಲಿಗೆ ಹೋಗಬೇಕಾದರೆ "ಸುಕಾ". ಅದು ಮುಕಾದಮನ ಕೂಗು, ತನ್ನದಲ್ಲ ಎಂದು ಗೂಳಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಒಣ ನಾಟಾದ ಸಾಲು ಇದ್ದದ್ದು ದೊಡ್ಡ ಒಟ್ಟಿನ ಬುಡದಲ್ಲೇ.

ಒಂದು ಮುಂಜಾನೆ ಮೇಲೇರುತ್ತಿದ್ದ ದಿಮ್ಮಿ ಹಗ್ಗದ ಕುಣಿಕೆಯಿಂದ ನುಣುಚಿತು. ಗೂಳಪ್ಪ ಬಾಯಿ ತೆರೆದದ್ದು "ಸರೀರಿ" ಎನ್ನಲಿಕ್ಕೆ. ಬಂದದ್ದು "ಸುಕಾ!"

ಗೂಳಪ್ಪನ ಬಾಯಿ ಬಲ್ಲ ಹಗ್ಗದವರು ದಿಕ್ಕಾಪಾಲಾದರು. ಬಾಬ್ಲೋ ವೇಳಿಪ ಎಂಬ ಜೋಯಿಡಾದವನು ಮಾತ್ರ ಹುಕುಂ ಪಾಲಿಸುವ ಆಳು. ಸುಕಾ ಎಂದ ಕೂಡಲೇ ಒಣ ಸಾಲಿನ ಕಡೆಗೇ ಓಡಿದ. ದಿಮ್ಮಿಯೂ ಅಲ್ಲಿಗೇ ಬಂತು. ಅವನ ಹೆಗಲ ಕಂಬಳಿಯನ್ನು ಕಿತ್ತುಕೊಂಡು, ಅವನನ್ನು ಬಿಟ್ಟು, ಕೆಳಗಿನ ಹೊಂಡಕ್ಕೆ ಬಿತ್ತು.

ಗೂಳಪ್ಪ ಅಟ್ಟಣಿಗೆ ಇಳಿದು ಓಡಿಬಂದ. "ಸುಕಾ ಅಂದ್ರ ಆ ಕಡೆ ಯಾಕ ಓಡಿದ್ಯೋ ತಮ್ಮಾ?"

ಬಾಬ್ಲೋ ನೆಲಕ್ಕೆ ಕುಳಿತಿದ್ದ. "ನೀವ ಅಂದ್ರಿ ಗೂಳಪ್ಪಣ್ಣಾ. ಸುಕಾ ಅಂದ್ರ ಒಣಾ. ನಾ ಒಣಾ ಸಾಲಿಗೆ ಹೋದೆ." ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದ: "ಸಮುದ್ರದ ಆಚಿ ಮಂದಿ ಮಾತು ಕೇಳಿ ಕೇಳಿ ಕಲತೀರಿ. ಬಾಜೂಕ ನಿಂತಾಂವ ನಾನು. ನನ್ನ ಮಾತು ಒಂದ ದಿನಾ ಕೇಳಲಿಲ್ಲ ನೋಡ್ರಿ ನೀವು."

ಆ ಮಾತು ಗೂಳಪ್ಪನ ಎದೆಗೆ ಗೂಟ ಹೊಡೆದಂತೆ ಕುಳಿತಿತು. ಬಾಬ್ಲೋನ ಪಕ್ಕದಲ್ಲಿ ನಿಂತಿದ್ದವನು ಮಹಾಂತಪ್ಪ. ಅವನು ಮಾವನ ಬಾಯಿಂದ ದುಮಿಸಾನಿಯ ಕಥೆ ಕೇಳಿದ್ದರಿಂದ ಹೊರಗೆ ಜಿಗಿದಿದ್ದ. ಕೇಳದಿದ್ದರೆ?

ಚನಬಸಪ್ಪ ಜೇಬಿನಿಂದ ತಗಡಿನ ಸೀಟಿ ತೆಗೆದ. "ತಗೊ ಇದನ್ನ. ಕೂಗಿನ ಮನೆತನ ಅಂತ ಎದಿ ಬಡಕೋತಿದ್ದಿ. ಇನ್ನ ಮ್ಯಾಲೆ ಪೀಪಿ ಊದು."

"ಮಾವಾರ, ತಗೋರಿ," ಎಂದು ಮಹಾಂತಪ್ಪನೂ ಮೆಲ್ಲಗೆ ಹೇಳಿದ. "ಸೀಟಿಗೆ ಭಾಷಾ ಇಲ್ಲರಿ."

"ಸೀಟಿ ಊದಾಕ ನಮ್ಮಪ್ಪ ನನಗ ಗಂಟಲಾ ಕೊಟ್ಟಿಲ್ಲ," ಎಂದ ಗೂಳಪ್ಪ. ಸೊಕ್ಕಿನಿಂದ ಎಂದನೆಂದು ಎಲ್ಲರೂ ತಿಳಿದರು. ಸೊಕ್ಕೂ ಇತ್ತು. ಆದರೆ ದಿಮ್ಮಿ ಜಾರುವ ಗಳಿಗೆಯಲ್ಲಿ ಕೈ ಜೇಬಿಗೆ ಹೋಗುವುದಿಲ್ಲ, ಬಾಯಿ ತಾನೇ ತೆರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬಾಯಿ ತೆರೆದರೆ ಬರುವುದು ಯಾವುದು ಎಂಬುದೂ ಗೊತ್ತಿತ್ತು.

ಮುಂದಿನ ದಿನಗಳಲ್ಲಿ ಅವನು ಹಿತ್ತಲಲ್ಲಿ ನಿಂತು "ಸರೀರಿ, ಸರೀರಿ" ಎಂದು ಹೇಳಿಹೇಳಿ ನೋಡಿದ. ಸುಮ್ಮನಿದ್ದಾಗ ಬರುತ್ತಿತ್ತು. ಮಾಲವ್ವ ಬೆನ್ನ ಹಿಂದೆ ಕೊಡ ಬೀಳಿಸಿದಳು, "ಸುಕಾ!" ಎಂದುಬಿಟ್ಟ. ಮಗಳು ಬಸುರು ಹಿಡಿದುಕೊಂಡು ನಕ್ಕಳು. ಅರಬಿ ಮಾತಿನ ಮೂರೆಲುಬಿನ ಹಾಗೆ ಆ ಶಬ್ದ ಅವನ ಒಳಗೆ ಎಲುಬಾಗಿ ಕುಳಿತಿತ್ತು. ಮೇಲಿನ ಮಾಂಸ ಬದಲಾದೀತು, ಅದು ಜಗ್ಗುವುದಿಲ್ಲ.

ನಾಲಿಗೆ ಬದಲಾಗದಿದ್ದರೆ ನೆಲ ಬದಲಾಯಿಸಬೇಕು ಎಂದು ಯೋಚಿಸಿದ. ಬಾಬ್ಲೋನ ಹತ್ತಿರ ಹೋಗಿ ಕುಳಿತ. "ತಮ್ಮಾ, ನಿನ್ನ ಮಾತು ನನಗ ಕಲಸು. ಆದ್ರ ವಯಸ್ಸಾದ ಬಾಯಿ, ತಡಾ ಆಗತೈತಿ. ಅಲ್ಲೀ ತನಕ ಒಂದು ಕೆಲಸಾ ಮಾಡೂಣು. ಒಣಾ ಸಾಲು ಒಟ್ಟಿನ ಬುಡದಿಂದ ತಗದು ಬಂಡಿ ದಾರಿ ಆಚಿ ತಗಡಿನ ಚಪ್ಪರಕ್ಕ ಒಯ್ಯೂಣು. ನಾ ತಪ್ಪಿ ಸುಕಾ ಅಂದ್ರೂ ನೀವು ಆ ಕಡೆ ಓಡ್ತೀರಿ. ಬದುಕ್ತೀರಿ."

ಬಾಬ್ಲೋ ಅವನ ಮುಖವನ್ನೇ ನೋಡಿದ. "ದೋನೂ ಮಾತು, ಎರಡೂ ಒಂದ ಆಗತೈತಿ ಹಂಗಾದ್ರ," ಎಂದು ನಕ್ಕ.

ಮುಕಾದಮ ಗೊಣಗಿದ. ಊಟದ ಹೊತ್ತಿನಲ್ಲಿ ನಾವೇ ಒಯ್ಯುತ್ತೇವೆ ಎಂದು ಗೂಳಪ್ಪ ಹೇಳಿದ ಮೇಲೆ ಒಪ್ಪಿದ. ಸಾಲು ದಾರಿಯಾಚೆ ಹೋಯಿತು. ಗೂಳಪ್ಪನಿಗೆ ಅಂದು ಹೊಟ್ಟೆತುಂಬ ರೊಟ್ಟಿ ಹೋಯಿತು.

ಆದರೆ ಮುಂಗಾರಿನ ಮಿರಗದ ಮಳೆಗಿಂತ ಮೊದಲೇ ಅಡ್ಡಮಳೆ ಹೊಡೆಯಿತು. ದಿಬ್ಬದ ಕೆಮ್ಮಣ್ಣು ನೆನೆದು ಬೆಣ್ಣೆಯಾಯಿತು. ಗೂಳಪ್ಪ ಒಟ್ಟಿನ ಬುಡದ ದೊಡ್ಡ ಗೂಟವನ್ನು ಕಾಲಿನಿಂದ ಒದ್ದು ನೋಡಿದ. ಅದು ಹಲ್ಲು ಸಡಿಲಾದಂತೆ ಅಲ್ಲಾಡಿತು. ಬುಡದಲ್ಲಿ ನೀರು ಗುಳ್ಳೆ ಎದ್ದಿತು.

"ಮುಕಾದಮರ, ಇದರ ಮ್ಯಾಲೆ ಇನ್ನೊಂದು ದಿಮ್ಮಿನೂ ಬ್ಯಾಡ. ಗೂಟಾ ಕಿತ್ತು ಹೊಸಾದು ಹೊಡೀಬೇಕು."

"ನಾಳಿ ಲಾರಿ ಬರ್ತಾವು. ಒಂದು ಸಾಲು ಏರಿಸು. ನಾ ಕದೀಮ ಅಲ್ಲೇನು, ನನಗ ಗೊತ್ತೈತಿ," ಎಂದ ಚನಬಸಪ್ಪ. ಗೂಳಪ್ಪನಿಗೆ ತನ್ನದೇ ಮಾತು ಸುತ್ತು ಹಾಕಿಕೊಂಡು ಬಂದು ಬಡಿದಂತಾಯಿತು.

ಮರುದಿನ ಮುಂಜಾನೆ ಅವನು ರುಮಾಲು ಸುತ್ತಿ ಹೊಸ್ತಿಲಿಗೆ ಬಂದ. ಮೇಲೆ ಹಂಚಿನ ಸಂದಿಯಲ್ಲಿ ಹಲ್ಲಿ 'ಟೊಕ್' ಎಂದಿತು. ಈ ಸಲ ಹಲ್ಲಿಯೇ.

"ಕುಂದರ್ರಿ," ಎಂದಳು ತಾಯವ್ವ. "ಇವತ್ತು ಹೋಗಬ್ಯಾಡ್ರಿ. ಅಳ್ಯಾನೂ ಹೋಗೂದು ಬ್ಯಾಡ."

"ಗೂಟಾ ಸಡಲ ಐತಿ. ನಾ ಇಲ್ಲದಾಗ ಯಾವನೋ ಕೂಗಿದ್ರ ಮಂದಿ ಸಾಯ್ತಾರ."

"ಒಂದ ದಿನಾ ಸುಮ್ಮನ ಕುಂದ್ರಾಕ ಆಗೂದಿಲ್ಲೇನು ನಿಮಗ?"

"ಹಲ್ಲಿ ಮಾತು ಕೇಳಿ ಮನ್ಯಾಗ ಕುಂತ್ರ ನಮ್ಮಪ್ಪ ನಗತಾನ!" ಎಂದು ಸಿಟ್ಟಿನಿಂದ ಅಂಗಳ ದಾಟಿದ. ಹಿಂದಿನಿಂದ ತಾಯವ್ವ, "ಬರ್ತೇನಿ ಅಂತರ ಅನ್ರಿ!" ಎಂದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ಮಹಾಂತಪ್ಪ ಅತ್ತೆಗೆ ಹೇಳಬೇಕಾದ್ದನ್ನು ಹೇಳಿ ಮಾವನ ಹಿಂದೆ ಓಡಿದ.

ಬಿಸಿಲು ಏರುವ ಹೊತ್ತಿಗೆ ಕಡೆಯ ಸಾಲು ಮೇಲೇರುತ್ತಿತ್ತು. ಗೂಳಪ್ಪನ ಕಣ್ಣು ಹಗ್ಗದ ಮೇಲೆ, ಕಿವಿ ಗೂಟದ ಮೇಲೆ. ಮೊದಲು ನಾಟಾದ ಒಳಗೆಲ್ಲೋ ಮರುಗಿದಂತೆ ಲೊಚ್ ಎಂದಿತು. ಆಮೇಲೆ ಎತ್ತು ಹೊಡೆಯುವ ಸದ್ದು. ದುಮಿಸಾನಿ ಪೆಟ್ಟಿಗೆಯ ಆಚೆ ತುದಿಯಲ್ಲಿ ನಿಂತು ತನ್ನ ಭಾಷೆಯ ಸದ್ದುಗಳನ್ನು ಒಂದೊಂದಾಗಿ ಕಲಿಸಿದಂತೆಯೇ ಇತ್ತು. ಮೂರನೆಯದು ಬಂತು. ಟೊಕ್.

"ಸುಕಾ!"

ಹುಡೇವಿನ ಮೇಲಿನ ಸೋಮಪ್ಪನ ಕೂಗು, ಪ್ಲೇಗಿನ ಶೇಖಪ್ಪನ ಕೂಗು ಎಲ್ಲವೂ ಅದರಲ್ಲಿದ್ದವು. ಜೋಯಿಡಾದವರು ತಲೆ ಎತ್ತಿ ನೋಡಲೂ ಇಲ್ಲ. ಅಭ್ಯಾಸದ ಕಾಲು ಬಂಡಿ ದಾರಿ ದಾಟಿ ತಗಡಿನ ಚಪ್ಪರಕ್ಕೆ ಓಡಿದವು. ಚನಬಸಪ್ಪನೂ ಧೋತರದ ಚುಂಗು ಹಿಡಿದು ಓಡಿದ. ಮೇಲಿನ ದಿಮ್ಮಿಗಳು ಅವರು ನಿಂತಿದ್ದ ಜಾಗವನ್ನು ಅರೆದುಕೊಂಡು ಹೊಂಡಕ್ಕೆ ಇಳಿದವು. ಒಬ್ಬನಿಗೂ ತಾಗಲಿಲ್ಲ.

ಮಹಾಂತಪ್ಪ ಮಾತ್ರ ಓಡಿರಲಿಲ್ಲ. ಒಟ್ಟಿನ ಮಗ್ಗುಲಿಗೆ ಬಿದ್ದಿದ್ದ. ಅವನ ಪಾದ ಹಗ್ಗದ ಕುಣಿಕೆಯಲ್ಲಿ ಸಿಕ್ಕಿತ್ತು. ಅವನ ಮೇಲೆ ಉಳಿದರ್ಧ ಒಟ್ಟು ವಾಲಿ, ಇನ್ನೊಂದು ಗೂಟವನ್ನು ನೆಲದಿಂದ ಮೆಲ್ಲಗೆ ಕೀಳುತ್ತಿತ್ತು.

ಗೂಳಪ್ಪ ಇಳಿದನೋ ಜಿಗಿದನೋ ನೋಡಿದವರು ಇಲ್ಲ. ಕೈಯಲ್ಲಿ ಕಬ್ಬಿಣದ ಹಾರೆ ಇತ್ತು. ಅದನ್ನು ಕೆಳಗಿನ ದಿಮ್ಮಿಗೆ ಆನಿಸಿ, ಹಾರೆಯ ತಲೆಗೆ ಹೆಗಲು ಕೊಟ್ಟು ನಿಂತ. ಒಟ್ಟು ಉಸಿರು ಹಿಡಿದಂತೆ ನಿಂತಿತು. "ಕುಣಿಕಿ ಬಿಚ್ಚು," ಎಂದ. ಮಹಾಂತಪ್ಪ ಬಿಚ್ಚಿ, ತೆವಳಿ ಹೊರಬಿದ್ದ. ಅಷ್ಟರಲ್ಲಿ ಕೆಳಗಿನ ದಿಮ್ಮಿ ಒಂದು ಗೇಣು ಜಾರಿ ಗೂಳಪ್ಪನ ಮೊಳಕಾಲನ್ನು ಕೆಮ್ಮಣ್ಣಿಗೆ ಒತ್ತಿ ಹಿಡಿಯಿತು.

ಚಪ್ಪರದಿಂದ ಎಲ್ಲರೂ ತಿರುಗಿ ಓಡಿಬಂದರು. ಬಾಬ್ಲೋ ಮುಂದೆ, ಹಿಂದೆ ಚನಬಸಪ್ಪ. ಮಹಾಂತಪ್ಪ ಆಗಲೇ ಹಾರೆಗೆ ಕೈ ಚಾಚಿದ್ದ. ಅವರ ಹೆಜ್ಜೆಗೇ ನೆನೆದ ನೆಲ ಅದುರಿ, ಮೇಲಿಂದ ಮಣ್ಣು ಉದುರಿತು. ಗೂಳಪ್ಪ ತಲೆ ಎತ್ತಿದ. ಆಗ ಅವನ ಬಾಯಿಗೆ ಪರದೇಶದ ಮಾತು ಬರಲಿಲ್ಲ.

"ನಿಂದರ್ರಿ ಅಲ್ಲೇ! ಮಹಾಂತಪ್ಪಾ, ಹಾರಿ ಮುಟ್ಟಬ್ಯಾಡ. ನೀ ಮುಟ್ಟಿದ್ರ ಮಾಲವ್ವನ ಕೂಸಿಗೆ ಅಪ್ಪ ಇರಾಂಗಿಲ್ಲ. ಬಾಬ್ಲೋ, ಅವನ ರಟ್ಟಿ ಹಿಡದು ಹಿಂದಕ ಜಗ್ಗು. ಮುಕಾದಮರ, ನೀವೂ ಸರೀರಿ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಇದು ನನ್ನ ಹೆಗಲ ಮ್ಯಾಲೆ ಐತಿ, ಎಷ್ಟೊತ್ತು ನಿಂದ್ರತೈತಿ ನನಗ ಗೊತ್ತೈತಿ. ನನಗ ಯಾರ ಕೈನೂ ಬ್ಯಾಡ. ನೀವು ದಾರಿ ಆಚಿ ಹೋಗ್ರಿ. ತಾಯವ್ವ ಮುಂಜಾನಿ ಒಂದು ಮಾತು ಕೇಳಿದ್ಲು, ಸಿಟ್ಟಿನ್ಯಾಗ ಹೇಳದ ಬಂದೆ. ಆಕೀಗೆ ಹೇಳ್ರಿ. ಬರ್ತೇನಿ."